ಹಾರ ಹಾಕಿದ ಫೋಟೋ

ತೊಂಬತ್ತೇಳರಲ್ಲಿ ರಾಮದುರ್ಗದ ಕಾಲೇಜಿನಲ್ಲಿ ಬಿ.ಎ. ಹುಡುಗಿಯರಿಗೆ ಒಂದು ಹಳೇ ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ಮಂಜು ಕವಿದ ಬಯಲು, ಕಲ್ಲಿನ ದೊಡ್ಡ ಬಂಗಲೆ, ಮೇಲೊಂದು ಬೀಗ ಹಾಕಿದ ಕೋಣೆ, ಒಳಗಿಂದ ಯಾರದೋ ನಗು. ಸುಚೇತಾ ಮೇಡಂ ಓದುತ್ತಿದ್ದರೆ ಹುಡುಗಿಯರು “ಅಯ್ಯಯ್ಯ, ಮುಂದೇನಾತ್ರೀ?” ಎಂದು ಒಬ್ಬರ ಕೈ ಒಬ್ಬರು ಹಿಡಿಯುತ್ತಿದ್ದರು. ಸಾಲಹಳ್ಳಿಯ ಶೀತಲ ಮಾತ್ರ ತಲೆ ಎತ್ತುತ್ತಿರಲಿಲ್ಲ. ಅವಳಿಗೆಲ್ಲಿಯ ಮಜಾ? ಅವಳ ಹಳೇ ವಾಡೆ ಮನೆಯ ಅಟ್ಟದ ಮೇಲೆ ಬೀಗದ ಹಿಂದೆ ಇದ್ದವಳು ಹೆತ್ತ ತಾಯಿ, ಸಿದ್ದಲಿಂಗವ್ವ.

ನಾಲ್ಕು ವರ್ಷದ ಹಿಂದೆ ಸಿದ್ದಲಿಂಗವ್ವನ ತಲೆ ಕೆಟ್ಟಿತ್ತು. ಧಾರವಾಡದ ಹುಚ್ಚರ ಆಸ್ಪತ್ರೆಗೆ ಒಯ್ದರೆ ಗುಣವಾಗುತ್ತಾಳೆ ಎಂದು ಡಾಕ್ಟರು ಹೇಳಿದ್ದರು. ಆದರೆ ಅಪ್ಪ ನಿಜಗುಣಪ್ಪನಿಗೆ ಮರ್ಯಾದೆಯದೇ ಚಿಂತೆ. ಹೆಂಡತಿ ದೂರದ ತವರಿನಲ್ಲಿ ತೀರಿಕೊಂಡಳೆಂದು ಸುದ್ದಿ ಹಬ್ಬಿಸಿದ. ಸವದತ್ತಿಯಲ್ಲಿ ಅವಳ ಫೋಟೋಕ್ಕೆ ಕಟ್ಟು ಹಾಕಿಸಿ, ಗಂಧದ ಹಾರ ತಂದು ಪಡಸಾಲೆಯಲ್ಲಿ ತೂಗುಹಾಕಿದ. ಬದುಕಿದವಳಿಗೆ ಹಾರ! ಎಂಥಾ ಗಂಡಸೋ ಶಿವನೇ!

“ನಿನ್ನ ಲಗ್ನ ಒಂದು ಮುಗೀಲಿ, ಮರುದಿನಾನ ಒಯ್ಯತೇನಿ. ಹುಚ್ಚಿಯ ಮಗಳಂತ ಗೊತ್ತಾದ್ರ ನಿನ್ನ ಯಾರು ಮಾಡ್ಕೋತಾರ ಹೇಳವಾ?” ಎಂದಿದ್ದ. ಆ ಮಾತನ್ನೇ ನಂಬಿ ಶೀತಲ ದಿನಾ ಎರಡು ಹೊತ್ತು ರೊಟ್ಟಿಯ ತಾಟು ಮೇಲೆ ಒಯ್ಯುತ್ತಿದ್ದಳು.

ಯರಗಟ್ಟಿಯಿಂದ ಕನ್ಯಾ ನೋಡಲು ಬಂದರು. ಹುಡುಗ ಕಲ್ಮೇಶ, ಅವನ ತಾಯಿ ತಾಯವ್ವ.

“ನಿಮ್ಮವ್ವಗ ಕೈಮುಗದು ಕುಂಡ್ರವಾ,” ಎಂದ ನಿಜಗುಣಪ್ಪ.

ಶೀತಲ ಫೋಟೋಕ್ಕೆ ಕೈಮುಗಿದಳು. ಅದೇ ಹೊತ್ತಿಗೆ ಮೇಲೆ ತಾಟು ಬಡಿಯುವ ಸಪ್ಪಳ. ಅವ್ವನಿಗೆ ಹಸಿವಾಗಿತ್ತು. ಗಡಿಬಿಡಿಯಲ್ಲಿ ಅಂದು ರೊಟ್ಟಿ ಒಯ್ಯುವುದೇ ಮರೆತುಹೋಗಿತ್ತು.

“ಅದೇನ್ರೀ ಸಪ್ಪಳ?” ಎಂದಳು ತಾಯವ್ವ.

ನಿಜಗುಣಪ್ಪ ಅಟ್ಟದ ಕಡೆ ನೋಡಿದ. ಶೀತಲಳೇ ಹೇಳಿಬಿಟ್ಟಳು, “ಪಾರಿವಾಳ್ರೀ.”

ಮೇಲಿನ ಸಪ್ಪಳ ನಿಂತಿತು. ಕೇಳಿಸಿತೇ ಅವ್ವನಿಗೆ? ಆದರೂ ಧಾರವಾಡದ ಆಸೆಯಿಂದ ಶೀತಲ ನಕ್ಕು ಚಹಾ ಕೊಟ್ಟಳು.

ಲಗ್ನವಾಯಿತು. ಪಂಚಮಿಗೆ ಗಂಡನ ಜೊತೆ ತವರಿಗೆ ಬಂದವಳು ಅಪ್ಪನನ್ನು ಅಡುಗೆಮನೆಗೆ ಕರೆದು ಕೇಳಿದಳು, “ಅವ್ವನ್ನ ಯಾವಾಗ ಒಯ್ಯತೀ ಅಪ್ಪಾ?”

ನಿಜಗುಣಪ್ಪ ಬಾಗಿಲು ಮುಂದೆ ಮಾಡಿದ. “ಸತ್ತಾಳಂತ ಹೇಳಿ ನಿನ್ನ ಕೊಟ್ಟೇನಿ. ಈಗ ಅದಾಳಂದ್ರ ನಿಮ್ಮತ್ತಿ ಒಂದು ದಿನಾ ನಿನ್ನ ಇಟ್ಕೋತಾಳೇನು? ಸತ್ತಾಕಿನ್ನ ಯಾವ ಬಾಗಲದಿಂದ ಹೊರಗ ತರ್ಲಿ?”

ಫೋಟೋಕ್ಕೆ ತಾನೂ ಕೈಮುಗಿದವಳೇ ಅಲ್ಲವೇ? ಶೀತಲ ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದಳು. ಮೇಲೆ ತಾಟಿನ ಸಪ್ಪಳ ಶುರುವಾಗಿತ್ತು.

ಚಪ್ಪಲಿ ಮೆಟ್ಟುತ್ತಿದ್ದ ಕಲ್ಮೇಶ ತಲೆ ಎತ್ತಿದ. “ಆ ಪಾರಿವಾಳ ಇನ್ನೂ ಇಲ್ಲೇ ಅದಾವೇನು?”

ಶೀತಲ ಸೆರಗು ಸರಿಮಾಡಿಕೊಂಡಳು.

“ಎಲ್ಲಿಗೆ ಹೋಗತಾವ್ರಿ,” ಎಂದಳು.