ಕರ್ಟಿಸ್ ಕೇಳಿ ಪಡೆದ ಗಟ್ಟಿ ಗುಂಡು

ನನ್ನ ತಮ್ಮ ನೆವಿಲ್ ಸತ್ತದ್ದು ಕಾಡುಕೋಣದ ಕೊಂಬಿನಿಂದ. ಕೊಂದವನು ಜೊತೆಗೆ ಬೇಟೆಗೆ ಹೋಗಿದ್ದ ಕರ್ಟಿಸ್ ಎಂದರೆ ಮೇರಿ ನದಿಯ ದಂಡೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ತಾನು ಕೋಣದ ಮೂಳೆ ತೂರುವ ಗಟ್ಟಿ ಗುಂಡನ್ನೇ ಹೊಡೆದೆ, ಕುಡಿದಿದ್ದ ನೆವಿಲ್ ತಾನಾಗಿ ಹೋಗಿ ಕೋಣಕ್ಕೆ ಸಿಕ್ಕಿಬಿದ್ದ ಎಂದು ಅವನು ಪಬ್ಬಿನಲ್ಲಿ ಕೂತು ಹೇಳಿದ್ದನ್ನೇ ಎಲ್ಲರೂ ನಂಬಿದ್ದರು. ಬೇಟೆಯ ದಿನ ನನ್ನ ತಮ್ಮ ಚಹಾ ಬಿಟ್ಟು ಬೇರೇನನ್ನೂ ಮುಟ್ಟಿದವನಲ್ಲ.

ಆ ಕೋಣವನ್ನು ಸುಲಿದವಳು ನಾನು. ಭುಜದ ಮೂಳೆಯ ಮೇಲೆ ತಾಮ್ರದ ಚೂರುಗಳು ಸಿಕ್ಕವು. ಕಾಡುಹಂದಿಗೆ ಹೊಡೆಯುವ ಮೆತ್ತನೆ ಗುಂಡು. ಹಂದಿಯ ಮೈಯೊಳಗೆ ಅದು ಅರಳಿ, ನಿಂತಲ್ಲೇ ಕೆಡವುತ್ತದೆ. ಕೋಣದ ಭುಜಕ್ಕೆ ತಾಗಿದರೆ ಮೂಳೆಯ ಮೇಲೇ ಒಡೆದು ಪ್ರಾಣಿಯನ್ನು ರೇಗಿಸುತ್ತದೆ, ಅಷ್ಟೆ. ಚೂರುಗಳನ್ನು ತೋರಿಸಿದರೆ ಕರ್ಟಿಸ್, "ನಿನ್ನ ತಮ್ಮಂದೇ ಇರ್ಬೇಕು ನೋಡು" ಅಂದಿದ್ದ.

ಗಾಯ ಮಾಡಿದವನೇ ಪೊದೆಯೊಳಗೆ ಹೋಗಿ ಪ್ರಾಣಿಯನ್ನು ಮುಗಿಸಬೇಕು, ಮಾಂಸದಲ್ಲಿ ಸಿಕ್ಕ ಗುಂಡನ್ನು ಹೊಡೆದವನ ಕೈಗೇ ಕೊಡಬೇಕು. ಇದು ನಮ್ಮ ಕಡೆಯ ಪದ್ಧತಿ. ಅಂದು ಕರ್ಟಿಸ್ ಗಾಡಿಗೆ ಓಡಿದ, ಅವನ ಬದಲು ನೆವಿಲ್ ಒಳಗೆ ಹೋದ ಎಂಬುದನ್ನು ಹೆಜ್ಜೆಗುರುತುಗಳೇ ನನಗೆ ಹೇಳಿದ್ದವು. ಚೂರುಗಳನ್ನು ಹೊಗೆಸೊಪ್ಪಿನ ಡಬ್ಬಿಯಲ್ಲಿಟ್ಟುಕೊಂಡು ನಾನು ಹಲ್ಲು ಕಚ್ಚಿ ಕಾದೆ.

ಬೇಸಿಗೆಯಲ್ಲಿ ಅವನೇ ನನ್ನ ಅಂಗಳಕ್ಕೆ ಬಂದ. ಅವನ ನಾಯಿಗಳನ್ನು ಒಂದು ಹಂದಿ ಸೀಳಿಹಾಕಿತ್ತು. ಈ ಕಡೆ ತೋಟಾ ತುಂಬಿಕೊಟ್ಟು ಬೇಟೆಗೆ ದಾರಿ ತೋರಿಸುವವಳು ನಾನೊಬ್ಬಳೇ.

"ಹಂದಿ ತಾನೇ, ಮೆತ್ತನೇದು ಕೊಡ್ಲಾ?" ಅಂದೆ.

"ಬೇಡ ಬೇಡ, ಗಟ್ಟೀದೇ ಕೊಡು ಡಲ್ಸಿ. ಮೆತ್ತನೇದನ್ನ ಇನ್ನು ಈ ಜನ್ಮದಲ್ಲಿ ಮುಟ್ಟಲ್ಲ."

"ಹಂಗಾದ್ರೆ ಹಿಂದೆ ಯಾವಾಗ ಮುಟ್ಟಿದ್ದೆ?"

ಅವನು ಕಣ್ಣು ತಪ್ಪಿಸಿದ. "ಯಾರೋ ಹೇಳಿದ್ರು ಬಿಡೇ. ನಿಂಗ್ಯಾಕೆ ಆ ಪುರಾಣ?"

ನನ್ನ ರಕ್ತ ಕುದಿಯಿತು. ಗಟ್ಟಿ ಗುಂಡು ಹಂದಿಯ ಮೈಯನ್ನು ದಬ್ಬಳದ ಹಾಗೆ ತೂರಿ ಆಚೆ ಹೋಗುತ್ತದೆ, ಹಂದಿ ಬೀಳುವುದಿಲ್ಲ ಎಂದು ಎಚ್ಚರಿಸುವುದು ನನ್ನ ಕಸುಬಿನ ಧರ್ಮ. ಎಚ್ಚರಿಸಲಿಲ್ಲ. ಕೇಳಿದ್ದನ್ನೇ ಕೊಟ್ಟೆ. ನನ್ನ ಬಂದೂಕಿಗೆ ಮಾತ್ರ ಮೆತ್ತನೆಯದನ್ನು ತುಂಬಿಕೊಂಡೆ.

ಜೌಗಿನ ಅಂಚಿನಲ್ಲಿ ಹಂದಿ ಕಂಡಿತು. ಕರ್ಟಿಸ್‌ನ ಗುರಿ ಚೆನ್ನಾಗಿಯೇ ಇತ್ತು. ಗುಂಡು ಪಕ್ಕೆಯಿಂದ ಪಕ್ಕೆಗೆ ದಾಟಿ ಆಚೆಯ ಕೆಸರನ್ನು ಚಿಮ್ಮಿಸಿತು. ಹಂದಿ ಒಮ್ಮೆ ಮೈ ಕೊಡವಿ ಜೊಂಡಿನೊಳಗೆ ನುಗ್ಗಿತು. ಅವನು ಗಾಡಿಯ ಕಡೆ ತಿರುಗಿದ.

"ಬೀಗದ ಕೈ ನನ್ನ ಜೇಬಲ್ಲಿದೆ. ಗಾಯ ಮಾಡ್ದೋನು ಒಳಗೆ ಹೋಗ್ಬೇಕು. ಈ ಸಲ ನಿನ್ನ ಬದ್ಲು ಹೋಗೋಕೆ ನೆವಿಲ್ ಇಲ್ಲ" ಅಂದೆ.

ಅವನು ಹೋದ. ಹಂದಿ ಎದುರಿನಿಂದಲೇ ಬಂತು. ಅವನ ಎರಡನೆಯ ಗುಂಡೂ ಅದನ್ನು ತೂರಿ ಹೋಯಿತು. ಹಂದಿ ಅವನ ಮೀನಖಂಡವನ್ನು ಸೀಳುವವರೆಗೂ ನಾನು ಕಾದೆ. ಆಮೇಲೆ ಹೊಡೆದೆ. ಹಂದಿ ಅಲ್ಲೇ ಕುಸಿಯಿತು.

"ಕಟ್ಟೇ, ರಕ್ತ ಹೋಗ್ತಿದೆ!"

ನಾನು ಬೆಲ್ಟು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು, ಸೊಂಟದ ವಾಕಿಟಾಕಿ ರೇಡಿಯೋ ಆನ್ ಮಾಡಿ ಅವನ ಬಾಯಿಗೆ ಹಿಡಿದೆ. "ಅವತ್ತು ಯಾವ ಗುಂಡು ಹೊಡ್ದೆ, ಯಾರು ಓಡಿದ್ದು, ಹೇಳು. ಸುತ್ತಮುತ್ತ ಎಲ್ರೂ ಕೇಳ್ತಾರೆ."

ಅವನು ಅಳುತ್ತಾ ಎಲ್ಲವನ್ನೂ ಹೇಳಿದ. ನೆವಿಲ್ ಕುಡಿದಿರಲಿಲ್ಲ ಎಂಬುದನ್ನು ನಾನು ಎರಡು ಸಲ ಹೇಳಿಸಿದೆ. ಆಮೇಲೆ ಅವನ ಕಾಲಿಗೆ ಬೆಲ್ಟು ಬಿಗಿದೆ. ಇಷ್ಟಾದರೂ ನನ್ನ ಸಿಟ್ಟು ಇಳಿಯಲಿಲ್ಲ.

"ಹಂದಿ ಯಾಕೆ ಬೀಳ್ಲಿಲ್ಲ? ನನ್ನ ಗುಂಡು ಎಲ್ಲಿ?" ಎಂದು ಅವನು ನರಳಿದ.

"ಇವತ್ತಿಂದು ತೂರ್ಕೊಂಡು ಹೋಯ್ತು, ಇನ್ನು ಸಿಗಲ್ಲ. ಅವತ್ತಿಂದು ಸಿಕ್ಕಿದೆ."

ಡಬ್ಬಿ ತೆರೆದು ತಾಮ್ರದ ಚೂರುಗಳನ್ನು ಅವನ ಅಂಗೈಗೆ ಸುರಿದೆ. ಅವನ ಬೆರಳುಗಳನ್ನು ನಾನೇ ಮಡಚಿ, ಚೂರುಗಳು ಚರ್ಮಕ್ಕೆ ಇಳಿಯುವ ಹಾಗೆ ಅದುಮಿ ಹಿಡಿದೆ.