ಒತ್ತಿದರೆ ಮಾತು

ಟಕ್, ಒತ್ತಿದರೆ ವಾಪಸ್ ಒತ್ತುತ್ತದೆ, ಹೆಬ್ಬೆರಳಿನ ಕೆಳಗೆ ಏನೋ ಸಣ್ಣ ಜೀವ ಮಿಸುಕಿದಂತೆ, ಇನ್ನೊಮ್ಮೆ, ಟಕ್, ಹೌದು, ಗಾಜಿಗೆ ಈ ಗುಣ ಇಲ್ಲ, ಗಾಜು ಮುಟ್ಟಿದರೂ ಅಷ್ಟೇ ಮುಟ್ಟದಿದ್ದರೂ ಅಷ್ಟೇ, ಆಸ್ಪತ್ರೆಯ ಔಷಧ ನರಕ್ಕೆ ಇಳಿದ ಮೇಲಿಂದ ಸುಂದರಬಾಯಿಯ ಬೆರಳ ತುದಿಗಳು ಯಾರದೋ ಬೆರಳಾಗಿಬಿಟ್ಟಿವೆ, ಮಗಳು ಪೂನಂ ತನ್ನ ಫೋನು ಕೈಗಿಟ್ಟು ಇದರಾಗ ಬರಿ ಯವ್ವಾ ಅಂದರೆ ಒಂದು ಅಕ್ಷರ ಮುಟ್ಟಲು ಹೋಗಿ ಮಗ್ಗುಲಿನದು ಬೀಳುತ್ತಿತ್ತು, ನೀರು ಬೇಕು ಅಂತ ಹೇಳುವಷ್ಟರಲ್ಲಿ ನೀರಡಿಕೆಯೇ ಹೋಗುತ್ತಿತ್ತು. ಈ ಫೋನು ಬೇರೆ. ಮೇಲೆ ಗಾಜು, ಕೆಳಗೆ ಮೂರು ಸಾಲು ಗುಂಡಿ, ಒಂದೊಂದು ಗುಂಡಿಗೂ ಒಂದು ಸಣ್ಣ ಏಣು, ಯಾವುದೋ ದೊಡ್ಡ ಆಫೀಸಿನ ಸಾಹೇಬ ವರ್ಷಗಟ್ಟಲೆ ಹುಕುಂ ಬರೆದು ಬರೆದು ಎರಡು ಅಕ್ಷರ ಅಳಿಸಿಹೋಗಿವೆ, ಅಳಿಸಿದರೇನು, ಅವು ಎಲ್ಲಿವೆ ಅಂತ ನನಗೆ ಗೊತ್ತು. ಹಳೇ ಮಾಲು ಅಕ್ಕಾ, ಸುಳ್ಳು ಹೇಳಂಗಿಲ್ಲ ನಾ, ಅನ್ನುತ್ತಾನೆ ಗಯಾಸುದ್ದೀನ್, ಹುಮನಾಬಾದ್ ಬಸ್‌ಸ್ಟ್ಯಾಂಡಿನ ಎದುರು ಇಪ್ಪತ್ತು ವರ್ಷದಿಂದ ಫೋನು ಬಿಚ್ಚಿ ಜೋಡಿಸುತ್ತಿರುವವ, ಇದರ ಕಂಪನಿನೂ ಈಗ ಇಂಥಾವು ಮಾಡಂಗಿಲ್ಲ, ಕೆಟ್ಟರ ಸಾಮಾನು ಸಿಗಂಗಿಲ್ಲ, ಸೋಚ್ ಸಮಝ್ ಕೇ ತಗೋರಿ. ಪಕ್ಕದ ಸ್ಟೂಲಿನಲ್ಲಿದ್ದ ಗಂಡ ಅಂಬಾದಾಸ ಕೂಡಲೇ, ಇಲ್ರಿ ಭಾಯ್, ದಯಮಾಡಿ ನಮಗ ಛಲೋದು ತೋರಸ್ರಿ, ಅಂದ, ಅವನದು ಯಾವಾಗಲೂ ದಯಮಾಡಿ, ಎಂಟು ತಿಂಗಳಿಂದ ನನ್ನ ಮಾತೆಲ್ಲ ಅವನ ಬಾಯಿಂದ ಬರುತ್ತದೆ, ನಾನು ಕೈಸನ್ನೆಯಲ್ಲಿ ಜಗಳ ಮಾಡಿದರೆ ಅವನ ಬಾಯಲ್ಲಿ ಅದು ವಿನಂತಿ ಆಗುತ್ತದೆ, ಪಾಪ, ಒಳ್ಳೆಯವ, ಆದರೆ ನಾನು ದಯಮಾಡಿ ಅನ್ನುವವಳಲ್ಲ. ಅವನ ಮೊಣಕಾಲು ತಟ್ಟಿ ಸುಮ್ಮನಾಗಿಸಿದಳು. ಕೊರಳ ಮುಂದಿನ ಬಿಳಿ ಬಟ್ಟೆ ಸರಿಮಾಡಿಕೊಂಡಳು, ಅದರ ಹಿಂದೆ ತೂತು, ಉಸಿರು ಅಲ್ಲಿಂದ ಒಳಗೆ ಅಲ್ಲಿಂದ ಹೊರಗೆ, ಗಂಟಲಿನ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು ಹೈದರಾಬಾದಿನಲ್ಲಿ, ಜೀವ ಉಳೀತು ನೋಡ್ರಿ ಅಂದರು ಡಾಕ್ಟರು, ಉಳೀತು, ಹೌದು, ಈಗ ಅದಕ್ಕೊಂದು ಬಾಯಿ ಬೇಕು.

ಬರಿ, ಬರದು ನೋಡು, ಏನು ಬರೀಲಿ, ಇಂಗ್ಲಿಷ್ ಅಕ್ಷರ ಒತ್ತಿದರೆ ಗಾಜಿನ ಮೇಲೆ ಕನ್ನಡ ಶಬ್ದ ಮೂಡುತ್ತದೆ, ಸರಿ ಇದ್ದುದನ್ನು ಬೆರಳಿಂದ ಮುಟ್ಟಿ ಆರಿಸಬೇಕು, ಅಂದರೆ ಗುಂಡಿಯೂ ಬೇಕು ಗಾಜೂ ಬೇಕು, ಗಾಜಿನ ಬಲಗಡೆಯ ಮೂಲೆ ಸತ್ತಿದೆ, ಅಲ್ಲಿ ಮುಟ್ಟಿದರೆ ಏನೂ ಆಗದು, ಇರಲಿ, ಶಬ್ದಗಳು ನಡುವೆ ಬರುತ್ತವೆ, ಮೂಲೆ ನನಗೆ ಬೇಕಿಲ್ಲ. ಹತ್ತು ಬೆರಳು ಎದ್ದು ನಿಂತವು, ಎಡಗೈ ಎಡಕ್ಕೆ ಬಲಗೈ ಬಲಕ್ಕೆ, ಮೂವತ್ತು ವರ್ಷದ ಹಿಂದೆ ಇದೇ ಊರಿನ ಬಟ್ಟೆ ಅಂಗಡಿಯ ಮೇಲಿನ ಟೈಪಿಂಗ್ ಕ್ಲಾಸಿನಲ್ಲಿ ಕಲಿತ ಹಾಗೆ, ನಮ್ಮ ಓಣಿಯಿಂದ ಅಲ್ಲಿಗೆ ಹೋದ ಮೊದಲ ಹುಡುಗಿ, ಗುಂಡಿ ನೋಡಬ್ಯಾಡ ಕಾಗದ ನೋಡು ಅಂತ ಮಾಸ್ತರರು ಮಶೀನಿನ ಮೇಲೆ ಟವೆಲು ಮುಚ್ಚುತ್ತಿದ್ದರು, ಟವೆಲಿನ ಕೆಳಗೆ ನನ್ನ ಬೆರಳು ಓಡುತ್ತಿದ್ದವು, ಜೂನಿಯರ್ ಪಾಸು. ಆದರೆ ಇದು ಅಂಗೈಯಷ್ಟು, ಹತ್ತು ಬೆರಳಿಗೆ ಇಲ್ಲಿ ಎಲ್ಲಿ ಜಾಗ, ಎರಡು ಹೆಬ್ಬೆರಳು ಮಾತ್ರ ಹಿಡಿಸುತ್ತವೆ, ಹೆಬ್ಬೆರಳಿಗೆ ಅಕ್ಷರ ಗೊತ್ತಿಲ್ಲ, ಅವು ಶಬ್ದ ಶಬ್ದಗಳ ನಡುವೆ ಜಾಗ ಬಿಡುವುದನ್ನು ಬಿಟ್ಟು ಬೇರೆ ಏನೂ ಕಲಿತಿಲ್ಲ, ಈಗ ಅವನ್ನೇ ಶಾಲೆಗೆ ಹಚ್ಚಬೇಕು. ಹಚ್ಚೋಣ. ತಪ್ಪು ಬಿತ್ತು, ಅಳಿಸು, ತಪ್ಪು, ಅಳಿಸು, ಗಯಾಸುದ್ದೀನ್ ತರಿಸಿದ ಚಹಾ ಎದುರಿಗಿದೆ, ಊದಿ ಕುಡಿಯುವ ಸುಖ ಈಗಿಲ್ಲ, ಬಾಯಲ್ಲಿ ಗಾಳಿ ಇಲ್ಲ, ಆರುವ ತನಕ ಕಾಯಬೇಕು, ಚಹಾ ಆರಿತು, ಕೆನೆ ಕಟ್ಟಿತು, ಆಗ ಮುಗಿಯಿತು ಬರೆಯುವುದು, ಮೂರೇ ಶಬ್ದ. ಒತ್ತಿದಳು. ನನ್ನ ಹೆಸರು ಸುಂದರಬಾಯಿ, ಅಂತು ಫೋನು, ಹೆಣ್ಣು ದನಿ, ಬೆಂಗಳೂರಿನ ಯಾವುದೋ ತಣ್ಣನೆ ಕೋಣೆಯಲ್ಲಿ ಕೂತು ಓದುವವಳ ದನಿ, ಅಂಬಾದಾಸ ಫೋನು ನೋಡಿದ, ಇವಳನ್ನು ನೋಡಿದ, ಇನ್ನೊಮ್ಮೆ ಫೋನು ನೋಡಿದ, ಕಣ್ಣು ಒರೆಸಿಕೊಳ್ಳಲು ಟೊಪ್ಪಿಗೆ ತೆಗೆದ. ಅಳಬೇಡ, ಇನ್ನೂ ಪರೀಕ್ಷೆ ಮುಗಿದಿಲ್ಲ.

ನಿಧಾನ, ಬಹಳ ನಿಧಾನ, ಮೂರು ಶಬ್ದಕ್ಕೆ ಒಂದು ಚಹಾ ಆರಿದರೆ ಪಂಚಾಯಿತಿಯ ಮೀಟಿಂಗಿನಲ್ಲಿ ಯಾರು ಕಾಯುತ್ತಾರೆ, ನಾನು ಮೆಂಬರು, ಇವತ್ತೇ ಮೂರು ಗಂಟೆಗೆ ಮೀಟಿಂಗು, ಹೋದ ತಿಂಗಳು ಕಾಗದದಲ್ಲಿ ಬರೆದುಕೊಟ್ಟಿದ್ದೆ, ನಾಲ್ಕು ಸಾಲು, ಮೊದಲನೇದು ಬೀದಿದೀಪ, ಎರಡನೇದು ಬೋರಿಂಗು, ಮೂರನೇದು ಸ್ಮಶಾನದ ದಾರಿ, ನಾಲ್ಕನೇದು ಅಂಗನವಾಡಿಯ ಬಾಗಿಲು, ಅಧ್ಯಕ್ಷ ಶರಣಪ್ಪ ಕನ್ನಡಕ ಹಾಕಿಕೊಂಡು ತಾಯಿ ನೀವು ತ್ರಾಸು ತಗೋಬ್ಯಾಡ್ರಿ ನಾ ಓದ್ತೀನಿ ಅಂದ, ಓದಿದ, ದೀಪ, ಬೋರಿಂಗು, ಬಾಗಿಲು, ಮುಗೀತು. ಎಂಥಾ ನುಣುಪು, ನಡುವೆ ಒಂದು ಸಾಲು ಇತ್ತು ಅಂತ ಗಾಳಿಗೂ ಗೊತ್ತಾಗಲಿಲ್ಲ. ಟೇಬಲ್ಲು ಬಡಿದೆ, ಆಯ್ತಲ್ಲ ಯವ್ವಾ ಎಲ್ಲಾ ಓದೀನಲ್ಲ, ಅಂತ ಕಾಗದ ಮಡಚಿ ಅಂಗಿಯ ಕಿಸೆಗಿಟ್ಟ. ನಕಾಶೆಯಲ್ಲಿ ಆ ದಾರಿ ಗಾಡಿ ಹೋಗುವಷ್ಟು ಅಗಲ, ನೆಲದ ಮೇಲೆ ಒಬ್ಬ ನಡೆಯುವಷ್ಟು, ಉಳಿದದ್ದನ್ನು ಎರಡೂ ಕಡೆಯ ಹೊಲ ತಿಂದಿವೆ, ಒಂದು ಕಡೆಯ ಹೊಲ ಶರಣಪ್ಪನದು. ಆಷಾಢದಲ್ಲಿ ನಮ್ಮ ಓಣಿಯ ಸಂಘರತ್ನನ ಅಪ್ಪ ತೀರಿಕೊಂಡಾಗ ನಾಲ್ಕು ಜನ ಹೊತ್ತರು, ನಾಲ್ಕು ಜನ ಒಂದೇ ಸಾಲಿನಲ್ಲಿ ಹ್ಯಾಂಗ ಹೊರಬೇಕು, ಎರೆಮಣ್ಣು ಮೊಣಕಾಲಿನ ತನಕ ಹಿಡಿದುಕೊಂಡಿತು, ಮುಂದಿನವ ಜಾರಿದ, ಚಟ್ಟ ವಾಲಿತು, ಮುದುಕನ ಕೈ ಹೊರಗೆ ಬಂದು ಕೆಸರು ಮುಟ್ಟಿತು, ಇಡೀ ಜನ್ಮ ಆ ಹೊಲಗಳಲ್ಲೇ ಕಳೆ ಕಿತ್ತ ಕೈ. ನಾನು ಕೂಗಿದೆ, ನಿಲ್ರೋ ಅಂತ, ಏನೂ ಬರಲಿಲ್ಲ, ಕೊರಳ ತೂತಿನಿಂದ ಬರೀ ಗಾಳಿ ಹೊರಬಿತ್ತು.

ನೆಟ್ಟು ಇಲ್ಲದಿದ್ದರೆ, ಅಂತ ಬರೆದು ತೋರಿಸಿದಳು, ನಮ್ಮ ಪಂಚಾಯಿತಿ ಕಟ್ಟಡದಲ್ಲಿ ಸಿಗ್ನಲ್ಲು ಕಿಟಕಿಯ ಹತ್ತಿರ ಮಾತ್ರ. ಗಯಾಸುದ್ದೀನ್ ಹುಬ್ಬೇರಿಸಿದ, ಸವಾಲು ಪಕ್ಕಾ ಅದ ಅಕ್ಕಾ, ನೋಡೋಣ್ರಿ, ನೆಟ್ಟು ಬಂದ್ ಮಾಡಿದ, ಒತ್ತಿದ, ಫೋನು ಗಪ್. ನೋಡು, ಕೇಳದಿದ್ದರೆ ಅಲ್ಲಿ ಹೋಗಿ ಮೂಕಿಯಾಗುತ್ತಿದ್ದೆ, ಎರಡನೇ ಸಲ. ಅವನು ಕನ್ನಡದ ದನಿಯನ್ನು ಪೂರಾ ಒಳಗೇ ಇಳಿಸಿಡಲು ಕೂತ, ಒಳಗೆ ಜಾಗ ಇಲ್ಲ, ಹಳೇ ಸಾಹೇಬನ ಫೋಟೊ, ಕಾಗದ, ಯಾವುದೋ ಮದುವೆಯ ವಿಡಿಯೊ, ಒಂದೊಂದೇ ಅಳಿಸಿದ, ಒಬ್ಬನ ಜೀವನ ಖಾಲಿಯಾದಷ್ಟು ನನ್ನ ದನಿಗೆ ಜಾಗ ಆಯಿತು. ಇಳಿಯಿತು. ನೆಟ್ಟು ಬಂದ್ ಮಾಡಿ ಒತ್ತಿದರೆ ಈಗ ಮಾತಾಡುತ್ತದೆ. ಹ್ಯಾಂಗ ಅಂತ ಬರೆದರೆ ಮಾತ್ರ ಎಡವಿ ಹೇಳುತ್ತದೆ, ಮಾಡಾಕತ್ತೀನಿ ಅಂದರೆ ಮಾಡಾಕ, ಸ್ವಲ್ಪ ನಿಂತು, ತ್ತೀನಿ, ಗಯಾಸುದ್ದೀನ್ ನಕ್ಕ, ಪುಸ್ತಕದ ಭಾಷಾದಾಗ ಬರೀರಿ ಅಕ್ಕಾ, ಸಾಫ್ ಬರ್ತದ. ಹೌದೇನೋ. ಬೇಕು, ಇಲ್ಲ, ಹೇಗೆ, ಮಾಡುತ್ತಿದ್ದೇನೆ, ಯಾರ ಬಾಯಿ ಅದು, ಶರಣಪ್ಪ ಕೂಡ ಆ ಭಾಷೆಯಲ್ಲಿ ಭಾಷಣ ಮಾಡುವುದು ಆಗಸ್ಟ್ ಹದಿನೈದಕ್ಕೆ ಮಾತ್ರ. ಎಡವಲಿ, ಆದರೂ ಮಾತು ನನ್ನದೇ ಇರಬೇಕು. ಬ್ಯಾಟರಿ, ಅಂತ ಬರೆದಳು. ಅದೇ ನೋಡ್ರಿ ಕಮಜೋರಿ, ಅಂದ ಅವನು, ಮುದಿ ಬ್ಯಾಟರಿ, ಎರಡು ತಾಸು, ಜಾಸ್ತಿ ಬರಂಗಿಲ್ಲ, ಹೊಸಾದು ಸಿಗಂಗಿಲ್ಲ, ಚಾರ್ಜ್ ಮಾಡೋ ಡಬ್ಬಿ ಚೀಲದಾಗ ಇಟ್ಟು ವೈರು ಹಚ್ಚಕೊಂಡಿರಬೇಕಾಗತದ. ವೈರು, ಅಷ್ಟೇ ತಾನೇ, ಮೂಗಿಗೆ ನಳಿಗೆ ಹಚ್ಚಿಕೊಂಡು ಹದಿನೆಂಟು ದಿನ ಮಲಗಿದವಳಿಗೆ ವೈರು ಯಾವ ಲೆಕ್ಕ. ಅಂಬಾದಾಸ ಕಿವಿಯಲ್ಲಿ, ವಿಚಾರ ಮಾಡು ಸುಂದರಾ, ಮುದಿ ಫೋನು, ಅಂದ. ಮುದಿಯೇ, ಮೂಲೆ ಸತ್ತದ್ದು, ಬಿಸಿಯಾಗುವಂಥದ್ದು, ಗುಂಡಿ ಸವೆದದ್ದು, ಆದರೆ ಒತ್ತಿದರೆ ಒತ್ತಿದ್ದು ಗೊತ್ತಾಗುತ್ತದೆ, ಈ ಬೆರಳಿಗೆ ಅಷ್ಟು ಸಾಕು. ತಲೆ ಆಡಿಸಲಿಲ್ಲ ಅವಳು, ಸನ್ನೆ ಮಾಡಲಿಲ್ಲ, ಹೆಬ್ಬೆರಳನ್ನೇ ಇಳಿಸಿದಳು, ತಗೋತೀನಿ, ಅಂತು ಫೋನು.

ಬಸವಕಲ್ಯಾಣದ ಬಸ್ಸು, ಕಿಟಕಿಯ ಸೀಟು, ಕಾಲ ಮೇಲೆ ಚೀಲ, ಚೀಲದಿಂದ ವೈರು, ಹೆಬ್ಬೆರಳಿಗೆ ಶಾಲೆ ಶುರು, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ, ಬಸ್ಸು ಕುಣಿದರೆ ಬೆರಳು ಕುಣಿಯುತ್ತದೆ, ಅಳಿಸು, ಬರಿ, ಬೀದಿದೀಪ ಬರುತ್ತದೆ, ಬೋರಿಂಗು ಬರುತ್ತದೆ, ಸ್ಮಶಾನ ಬರುತ್ತಿಲ್ಲ, ಸ ಮ ಶ ಅಂತ ಬಿಡಿಬಿಡಿ, ನಡುವೆ ಒಂದು ಅಕ್ಷರ ಹೆಚ್ಚಾದರೆ ಸಮಾಸನ, ಇನ್ನೊಮ್ಮೆ, ಈಗ ಬಂತು, ಗಾಜಿನ ಮೇಲೆ ಮುಟ್ಟಿ ಆರಿಸು, ಅಳಿಸು, ಮತ್ತ ಬರಿ. ಮುಂದಿನ ಸೀಟಿನ ಹೆಂಗಸು ತಿರುಗಿ, ಯಾ ಊರ್ರಿ ನಿಮ್ಮದು, ಅಂದಳು, ಅಂಬಾದಾಸ ಬಾಯಿ ತೆರೆದ, ಇವಳು ಕೈ ಅಡ್ಡ ಹಿಡಿದಳು, ಬರೆದಳು, ಆ ಹೆಂಗಸು ಬಾಯಿ ಬಿಟ್ಟುಕೊಂಡು ಕಾದಳು, ರಾಜೇಶ್ವರದಾಗ ಇಳಿದು ಮುಂದ ಹೋಗಬೇಕು, ಅಂತು ಫೋನು, ಹೌದೇನ್ರಿ, ಅಂದಳು ಆ ಹೆಂಗಸು ಫೋನಿಗೇ, ಆಮೇಲೆ ನಾಚಿ ಸುಂದರಬಾಯಿಗೆ, ಹೌದೇನ್ರಿ. ಕಾದಳು, ನೋಡು, ಜನ ಕಾಯುತ್ತಾರೆ, ಗುಂಡಿ ಟಕ್ ಟಕ್ ಅನ್ನುವುದು ಕೇಳಿದರೆ, ಎದುರಿನವಳು ಏನೋ ಹೇಳುತ್ತಿದ್ದಾಳೆ ಅಂತ ಗೊತ್ತಾಗಿ ಕಾಯುತ್ತಾರೆ. ಮೊದಲೇ ಎಲ್ಲ ಬರೆದಿಟ್ಟುಕೊಂಡು ಅಲ್ಲಿ ಹೋಗಿ ಒಂದೇ ಸಲ ಒತ್ತಲೇ, ಪೂನಂ ಅದನ್ನೇ ಹೇಳಿದ್ದಳು, ಸುಲಭ, ಆದರೆ ಅದು ಇನ್ನೊಂದು ಕಾಗದ ಆಗುತ್ತದೆ, ಓದಿ ಮಡಚಿ ಕಿಸೆಗಿಡುವ ಕಾಗದ. ಬೇಡ. ಅವರ ಎದುರಿಗೇ ಬರೆಯುತ್ತೇನೆ.

ಪಂಚಾಯಿತಿಯ ಮೀಟಿಂಗ್ ಹಾಲ್, ಫ್ಯಾನು, ಹದಿನೇಳು ಕುರ್ಚಿ, ಮೂಲೆಯ ಟೇಬಲ್ಲಿನಲ್ಲಿ ರಿಜಿಸ್ಟರು ತೆರೆದು ಕೂತ ಅಧಿಕಾರಿ ವಿದ್ಯಾವತಿ, ಹೊಸದಾಗಿ ಬಂದವರು, ಮಾತು ಕಡಿಮೆ, ನಡುವೆ ಶರಣಪ್ಪ, ಬರ್ರಿ ತಾಯಿ, ಬರಕೊಂಡು ಬಂದೀರೇನು, ಕೊಡ್ರಿ, ಅಂತ ಕೈ ಚಾಚಿದ. ಕಾಗದ ಕೊಡಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು, ವೈರು ಚೀಲದಿಂದ ಜೋತಾಡಿತು, ಯಾರೋ ನಕ್ಕರು, ನಗಲಿ, ಟಕ್, ಟಕ್, ಅಳಿಸು, ಟಕ್, ನಗು ನಿಂತಿತು, ಏನ್ ನಡದದ ಇದು, ಅಂದ ಶರಣಪ್ಪ, ಟಕ್, ಫ್ಯಾನಿನ ಸದ್ದು, ಟಕ್, ಹದಿನೇಳು ಜನ ಎರಡು ಹೆಬ್ಬೆರಳನ್ನು ನೋಡುತ್ತಿದ್ದಾರೆ, ಗಾಜು ಮುಟ್ಟಿ ಆರಿಸು, ಒತ್ತು. ಸ್ಮಶಾನದ ದಾರಿ ನಕಾಶಾ ಪ್ರಕಾರ ಅಳದು ಬಿಡಿಸಿಕೊಡಬೇಕು, ಅಂತು ಬೆಂಗಳೂರಿನ ಹೆಣ್ಣು ದನಿ, ಸ್ವಲ್ಪ ಎಡವಿ, ಗಟ್ಟಿಯಾಗಿ. ಇದ್ಯಾವ ಪದ್ಧತಿರಿ, ಶರಣಪ್ಪನ ಮುಖ ಕೆಂಪಾಯಿತು, ಮಶೀನ್ ಮಾತಾಡಿದ್ದು ಸಭಾದಾಗ ನಡಿಯಂಗಿಲ್ಲ, ಮೆಂಬರ್ ಮಾತಾಡಬೇಕು, ಇಲ್ಲಾ ಬರಕೊಡಬೇಕು, ನಾ ಓದ್ತೀನಿ. ಉತ್ತರ ಬರಿ, ಈಗಲೇ, ಇದನ್ನು ಬಸ್ಸಿನಲ್ಲಿ ಕಲಿತಿಲ್ಲ, ಶಬ್ದ ಹೊಸವು, ಬೆರಳು ಜೋಮು ಹಿಡಿದಿದೆ, ಫೋನು ಸುಡುತ್ತಿದೆ, ಅಂಬಾದಾಸ ಬಾಗಿಲ ಹೊರಗೆ ನಿಂತು ಟೊಪ್ಪಿಗೆ ಹಿಂಡುತ್ತಿದ್ದಾನೆ, ದಯಮಾಡಿ ಅನ್ನಬೇಡ ನೀನು, ಟಕ್ ಟಕ್, ಒತ್ತಿದಳು. ಹೋದ ಸಲ ನಾಲ್ಕು ಸಾಲಿನಾಗ ಮೂರನೇದು ಬಿಟ್ಟು ಓದಿದ್ರಿ. ಇದಕ್ಕ ಬಿಟ್ಟು ಓದಾಕ ಬರಂಗಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ, ಬಿಟ್ಟಿದ್ರೇನ್ರಿ ಅಧ್ಯಕ್ಷರೇ, ಅಂದ, ಇನ್ನೊಬ್ಬಳು, ಸಂಘರತ್ನನ ಅಪ್ಪನ ಚಟ್ಟ ನಾನೂ ಕಂಡೀನಿ, ಅಂದಳು, ಶರಣಪ್ಪ ಕನ್ನಡಕ ತೆಗೆದ, ಹಾಕಿದ, ಏನೋ ಹೇಳಲು ಹೋದ, ಅಷ್ಟರಲ್ಲಿ ಮೂಲೆಯಿಂದ ವಿದ್ಯಾವತಿ, ಮೆಂಬರ್ ಬಾಯಿ, ಮೊದಲಿಂದು ಇನ್ನೊಮ್ಮೆ ಹೇಳ್ರಿ, ಬರಕೋತೀನಿ, ಅಂದರು, ಹೇಳ್ರಿ ಅಂದರು, ಹೇಳಿಸ್ರಿ ಅನ್ನಲಿಲ್ಲ. ಒತ್ತಿದಳು, ಮತ್ತೆ ಅದೇ ದನಿ, ಸ್ಮಶಾನದ, ಆ ಕಡೆ ನೀಲಿ ಪೆನ್ನು ಕಾಗದಕ್ಕೆ ಇಳಿಯಿತು, ಸ್ಮ, ಪೆನ್ನಿನ ತುದಿ, ಈ ದೂರದಿಂದಲೂ ಕಾಣುತ್ತಿದೆ, ಶಾ, ಶರಣಪ್ಪ ಏನೋ ಹೇಳುತ್ತಿದ್ದಾನೆ, ಕೇಳುತ್ತಿಲ್ಲ, ಪೆನ್ನಿನ ತುದಿ, ನ, ಸಾಲಿನ ಮೇಲೆ, ನೀಲಿ, ದ, ಪೆನ್ನಿನ ತುದಿ, ನಿಲ್ಲಲಿಲ್ಲ, ದಾರಿ, ಪೆನ್ನಿನ ತುದಿ.