ಬೊನಿಫಾಸರು ಉಳಿಸಿಕೊಂಡ ಒಂದು ಪೆಟ್ಟು

ನಾನು ಬ್ಯಾಂಡಿನ ದೊಡ್ಡ ಡ್ರಮ್. ಹೊಟ್ಟೆ ಬಿಟ್ಟರೆ ನನ್ನಲ್ಲಿ ಬೇರೇನೂ ಇಲ್ಲ, ನಾಚಿಕೆಯೂ ಇಲ್ಲ. ಮಂಗಳೂರಿನ ಕಡಲ ಬದಿಯ ಕೇರಿಯೊಂದರಲ್ಲಿ ಬಡಗಿಯೊಬ್ಬ ಹಲಸಿನ ಹಲಗೆ ಬಗ್ಗಿಸಿ, ಎರಡೂ ಕಡೆ ಚರ್ಮ ಬಿಗಿದು ನನ್ನನ್ನು ಹುಟ್ಟಿಸಿದ. ಹುಟ್ಟಿದ ವಾರವೇ ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿಗೆ ಸೇರಿದೆ.

ಮದುವೆಗಳಲ್ಲಿ ಜನರನ್ನು ಕುಣಿಸಿದ್ದೇನೆ. ಆದರೆ ಅವರು ನನ್ನನ್ನು ನೆನೆಯುತ್ತಿದ್ದುದು ಸಾವಿಗೆ. ಶವಪೆಟ್ಟಿಗೆ ಅಂಗಳ ದಾಟುವಾಗ ಉಳಿದ ವಾದ್ಯಗಳೆಲ್ಲ ನಿಲ್ಲುತ್ತವೆ. ನನ್ನ ಮೇಲೆ ಒಂದೇ ಪೆಟ್ಟು ಬೀಳುತ್ತದೆ. ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಇದು ನಮ್ಮ ಕೇರಿಯ ಕ್ರಮ. ಮೂವತ್ತು ವರ್ಷ ಆ ಪೆಟ್ಟು ಹೊಡೆದವರು ಬೊನಿಫಾಸರು. ಊರಿಗೆಲ್ಲ ಹೊಡೆದರು, ಸ್ವಂತ ಮಗ ಸಿರಿಲ್‌ನಿಗೆ ಮಾತ್ರ ಹೊಡೆಯಲಾಗಲಿಲ್ಲ. ಅವನು ಮೀನಿಗೆ ಹೋಗಿದ್ದ ದೋಣಿ ಮುಳುಗಿತು, ದೇಹ ಸಿಗಲಿಲ್ಲ. ಶವವೇ ಇಲ್ಲದ ಮೇಲೆ ಮೆರವಣಿಗೆ ಎಲ್ಲಿಯದು?

ಬ್ಯಾಂಡು ಚದುರಿದಾಗ ಶಾಲೆಯಲ್ಲಿ ಸಂಗೀತ ಕಲಿಸುವ ಐವಿ ಟೀಚರ್ ನನ್ನನ್ನು ಒಯ್ದರು. ನರ್ಸು, ಟೈಲರು, ಬಸ್ಸಿನ ಕಂಡಕ್ಟರು, ಸಿಕ್ಕಿದವರನ್ನೆಲ್ಲ ಸೇರಿಸಿ ಅವರು ಊರವರದೇ ಆರ್ಕೆಸ್ಟ್ರಾ ಕಟ್ಟಿದ್ದರು. ಬೊನಿಫಾಸರೂ ನನ್ನ ಹಿಂದೆಯೇ ಬಂದರು. ಆ ವರ್ಷದ ಕಛೇರಿಗೆ ದುಃಖದ ಕಥೆಗಳ ಸಂಗೀತ: ಮಗಳನ್ನೇ ಬಲಿಕೊಟ್ಟ ರಾಜ, ಗಂಡನಿಗೆ ಕಾದು ಕಾದು ಕಲ್ಲಾದ ಹೆಣ್ಣು, ಕೊನೆಗೆ ಮುಳುಗುವ ದೋಣಿ. ದೋಣಿಯ ಸಂಗೀತದಲ್ಲಿ ನಾನು ನಲವತ್ತು ಆವರ್ತ ಸುಮ್ಮನಿದ್ದು, ಅಲೆ ಮುಚ್ಚುವ ಕ್ಷಣಕ್ಕೆ ಒಮ್ಮೆ ಮೊಳಗಬೇಕು.

ಅಯ್ಯೋ, ಅಭ್ಯಾಸದಲ್ಲಿ ಪ್ರತಿ ಸಲವೂ ತಡ! ದೋಣಿ ಮುಳುಗಿ, ಪಿಟೀಲುಗಳು ಅರ್ಧ ಅತ್ತಾದ ಮೇಲೆ ನಾನು ಢಂ ಅನ್ನುತ್ತಿದ್ದೆ. ಕೊಳಲು ಹಿಡಿದ ನರ್ಸು ನಗು ತಡೆಯಲಾಗದೆ ತಲೆ ತಗ್ಗಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬೊನಿಫಾಸ್ ಬಾಪ್ಪು, ಇದನ್ನು ಬೇರೆಯವರಿಗೆ ಕೊಡ್ತೇನೆ. ನಿಮಗೆ ಸುಮ್ಮನೆ ಸಂಕಟ," ಎಂದರು ಟೀಚರ್.

"ಬೇಡ ಟೀಚರ್. ಸಿರಿಲ್‌ನದ್ದೊಂದು ಪೆಟ್ಟು ಬಾಕಿ ಉಂಟು. ಅದನ್ನು ನಾನೇ ಹೊಡೀಬೇಕು."

ಟೀಚರ್ ಆಗ ಅವರ ಎಡಗೈ ನೋಡಿದರು. ಬೆರಳ ನಡುವೆ ಜಪಸರ. ಆವರ್ತಕ್ಕೊಂದು ಮಣಿಯಂತೆ ಎಣಿಸುತ್ತಿದ್ದರು ಪುಣ್ಯಾತ್ಮ! ಆದರೆ ಹತ್ತು ಸಣ್ಣ ಮಣಿಗೊಂದು ದೊಡ್ಡ ಮಣಿ ಇರುತ್ತದಲ್ಲ, ಅಲ್ಲಿ ಬೆರಳು ನಿಲ್ಲುತ್ತಿತ್ತು, ಒಂದು ಆವರ್ತ ಜಾರಿಹೋಗುತ್ತಿತ್ತು.

"ಎಂತ ಮಾಡುದು ಟೀಚರ್, ದೊಡ್ಡ ಮಣಿ ಕೈಗೆ ಸಿಕ್ಕಿದ್ರೆ ದೇವರ ಹೆಸರು ಹೇಳದೆ ಹೇಗೆ ಮುಂದೆ ಹೋಗುದು?"

ಟೀಚರ್ ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಹೇಳಿದರು: "ಹೇಳಿಯೇ ಹೋಗಿ ಬಾಪ್ಪು. ದೊಡ್ಡ ಮಣಿ ನಾಲ್ಕು ಬರ್ತದಲ್ಲ, ಶುರುವಿಗೇ ನಾಲ್ಕು ಸಣ್ಣ ಮಣಿ ಬಿಟ್ಟು ಎಣಿಸ್ಲಿಕ್ಕೆ ಶುರು ಮಾಡಿ, ಆಯ್ತಾ?"

ಕಛೇರಿಯ ಸಂಜೆ ಸಭಾಂಗಣದ ತುಂಬ ನಮ್ಮ ಕೇರಿಯವರೇ. ದೋಣಿಯ ಸಂಗೀತ ಶುರುವಾಯಿತು. ಮಣಿ ಸರಿಯುವ ಸದ್ದು ನನಗೊಬ್ಬನಿಗೇ ಕೇಳುತ್ತಿತ್ತು. ದೊಡ್ಡ ಮಣಿ ಬಂದಾಗಲೆಲ್ಲ ಅವರ ತುಟಿ ಅಲುಗುತ್ತಿತ್ತು. ದೇವರೇ, ಇವತ್ತೊಂದು ದಿನ ತಪ್ಪದಿರಲಿ ಎಂದು ನಾನೂ ಬೇಡಿಕೊಂಡೆ. ಕೊನೆಯ ಮಣಿ ಜಾರಿತು. ಕೋಲು ಮೇಲೆದ್ದು ಬಿತ್ತು. ಸರಿಯಾದ ಕ್ಷಣಕ್ಕೇ ಬಿತ್ತು.

ಮೊದಲ ಸಾಲಿನಲ್ಲಿದ್ದ ಅವರ ಹೆಂಡತಿ ಸೆವ್ರಿನ್ ಬಾಯಿ ಎದ್ದು ನಿಂತರು. ಅವರ ಹಿಂದೆ ಕೇರಿಗೆ ಕೇರಿಯೇ ಎದ್ದು ನಿಂತಿತು. ಪಿಟೀಲುಗಳು ಮುಗಿಯುವವರೆಗೂ ಯಾರೂ ಕೂರಲಿಲ್ಲ.

ಈಗ ನನ್ನ ಚರ್ಮ ಒಡೆದಿದೆ. ಶಾಲೆಯ ಮೆಟ್ಟಿಲ ಕೆಳಗೆ ಬಿದ್ದಿದ್ದೇನೆ. ಹೋದ ವರ್ಷ ಬೊನಿಫಾಸರು ತೀರಿಕೊಂಡಾಗ ಬೇರೆ ಡ್ರಮ್ ತಂದು ಹೊಡೆದರಂತೆ. ಹೊಡೆಯಲಿ, ನನಗೆ ಬೇಸರವಿಲ್ಲ. ಸಿರಿಲ್‌ನನ್ನು ಅಂಗಳ ದಾಟಿಸಿದವನು ನಾನು.